ಹೂವಿನ ಹುಲ್ಲುಗಾವಲಿಗೆ ಯಾವ ಲೂಪ್? ಸಿಯಾಟಲ್ ಕಡೆಯ ನಾಲ್ಕು ಚಾರಣಗಳ ಹೋಲಿಕೆ

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಇರುವ ಕನ್ನಡದವರ ಮನೆಗಳಲ್ಲಿ ಜೂನ್ ಬಂದರೆ ಸಾಕು, ಒಂದು ಮಾತು ಶುರುವಾಗುತ್ತದೆ. ಎತ್ತರದ ಬೆಟ್ಟದ ಮೇಲಿನ ಹೂವಿನ ಹುಲ್ಲುಗಾವಲು ನೋಡಬೇಕು. ಚಾರಣ ತೀರಾ ಕಷ್ಟ ಇರಬಾರದು, ಸುಮ್ನೆ ಅಡ್ಡಾಡಿ ಬಂದ ಹಾಗೂ ಇರಬಾರದು. ಹೋದ ದಾರಿಯಲ್ಲೇ ವಾಪಸ್ ಬರುವುದಕ್ಕಿಂತ ಒಂದು ಸುತ್ತು ಹಾಕಿ ಕಾರಿನ ಹತ್ತಿರ ಬಂದು ಸೇರುವಂತಿದ್ದರೆ ಇನ್ನೂ ಒಳ್ಳೆಯದು. ಇದಕ್ಕೆಲ್ಲ ಹೊಂದುವ ನಾಲ್ಕು ಲೂಪ್‌ಗಳಿವೆ. ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಕೈಲೈನ್, ನ್ಯಾಚೀಸ್ ಪೀಕ್ ಮತ್ತು ಬರೋಸ್ ಮೌಂಟನ್. ಉತ್ತರಕ್ಕೆ, ನಾರ್ತ್ ಕ್ಯಾಸ್ಕೇಡ್ಸ್ ಬೆಟ್ಟಗಳಲ್ಲಿ ಮೇಪಲ್ ಪಾಸ್ (ಇಲ್ಲಿ ಪಾಸ್ ಅಂದರೆ ಬೆಟ್ಟಗಳ ನಡುವಿನ ಕಣಿವೆ ದಾರಿ).

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಡೀ ಬೇಸಿಗೆಯಲ್ಲಿ ಒಂದೇ ದಿನ ಸಿಗುವುದಾದರೆ, ಮಂಡಿ ಗಟ್ಟಿಯಿದ್ದರೆ, ಆಗಸ್ಟ್ ಮೊದಲ ಎರಡು ವಾರದಲ್ಲಿ ಸ್ಕೈಲೈನ್ ಮಾಡಿ. ಜೊತೆಗೆ ಅಪ್ಪ ಅಮ್ಮ ಅಥವಾ ಚಿಕ್ಕ ಮಕ್ಕಳಿದ್ದರೆ ನ್ಯಾಚೀಸ್. ಹೂವಿಗಿಂತ ಹಿಮನದಿ ಹತ್ತಿರದಿಂದ ನೋಡುವ ಆಸೆ ಜಾಸ್ತಿ ಇದ್ದರೆ ಬರೋಸ್. ಅಕ್ಟೋಬರ್ ತನಕ ಬಿಡುವೇ ಸಿಗದಿದ್ದರೆ ಮೇಪಲ್ ಪಾಸ್. ಯಾಕೆ ಹೀಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ತಾರೀಖು, ಆಮೇಲೆ ಟ್ರೇಲ್

ಕುದುರೆಮುಖದ ಹುಲ್ಲುಗುಡ್ಡಗಳನ್ನು ನೋಡಿ ಬೆಳೆದವರಿಗೆ ಹುಲ್ಲುಗಾವಲು ಅಂದರೆ ಮಳೆಗಾಲ. ಜೂನ್ ಮಳೆ ಬಿದ್ದರೆ ಗುಡ್ಡ ಹಸಿರು. ಇಲ್ಲಿ ಲೆಕ್ಕ ಬೇರೆ. ರೇನಿಯರ್ ಸುತ್ತಲಿನ ಹುಲ್ಲುಗಾವಲಿಗೆ ಜೀವ ಕೊಡುವುದು ಕರಗುವ ಹಿಮ. ಪ್ಯಾರಡೈಸ್ ಎಂಬ ಜಾಗದಲ್ಲಿ 1971-72ರ ಒಂದೇ ಚಳಿಗಾಲದಲ್ಲಿ 1,122 ಇಂಚು, ಅಂದರೆ ಸುಮಾರು 28 ಮೀಟರ್ ಹಿಮ ಬಿದ್ದಿತ್ತು. ಆಗ ಅದೇ ವಿಶ್ವದಾಖಲೆ. ಎಲ್ಲ ವರ್ಷವೂ ಅಷ್ಟು ಬೀಳುವುದಿಲ್ಲ. ಆದರೂ ಬಿದ್ದದ್ದು ಕರಗಿ ನೆಲ ಕಾಣಿಸಲು ಜುಲೈ ಮಧ್ಯ ದಾಟುತ್ತದೆ. ಆಮೇಲೆ ಮತ್ತೆ ಹಿಮ ಬೀಳುವ ತನಕ ಗಿಡಗಳಿಗೆ ಸಿಗುವುದು ಬರೀ ಎರಡು ಮೂರು ತಿಂಗಳು. ಅಷ್ಟರಲ್ಲೇ ಚಿಗುರಬೇಕು, ಹೂ ಬಿಡಬೇಕು, ಬೀಜ ಕಟ್ಟಬೇಕು. ಅದಕ್ಕೇ ಎಲ್ಲ ಹೂವೂ ಒಟ್ಟಿಗೆ ನುಗ್ಗುತ್ತವೆ.

ಆ ನುಗ್ಗಾಟದಲ್ಲೂ ಒಂದು ಕ್ರಮ ಇದೆ. ಹಿಮ ಸರಿದ ಅಂಚಿನಲ್ಲೇ ಬಿಳಿಯ ಅವಲಾಂಚ್ ಲಿಲಿ ಮತ್ತು ಹಳದಿಯ ಗ್ಲೇಸಿಯರ್ ಲಿಲಿ ಏಳುತ್ತವೆ. ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನೀಲಿ ನೇರಳೆಯ ಲೂಪಿನ್, ಕೆಂಪು ಪೇಂಟ್‌ಬ್ರಷ್, ಬಿಳಿ ವಲೇರಿಯನ್ ಒಟ್ಟಿಗೆ ಅರಳಿ ಇಳಿಜಾರು ತುಂಬಿಕೊಳ್ಳುತ್ತವೆ. ಫೋಟೋಗಳಲ್ಲಿ ನೀವು ನೋಡಿರುವುದು ಆ ಎರಡು ಮೂರು ವಾರವನ್ನೇ. ಆಗಸ್ಟ್ ಕೊನೆಗೆ ಆಸ್ಟರ್ ಹೂಗಳು ಉಳಿದಿರುತ್ತವೆ. ಸೆಪ್ಟೆಂಬರಿನಲ್ಲಿ ಹೂ ಮುಗಿದು ಹಕಲ್‌ಬೆರಿ ಗಿಡದ ಎಲೆ ಕೆಂಪಾಗುತ್ತದೆ. ನನಗೆ ಆ ಕೆಂಪೂ ಇಷ್ಟ, ಜನ ಕಡಿಮೆ ಎಂಬ ಕಾರಣಕ್ಕೂ.

ಊರಿಂದ ಹಿರಿಯರನ್ನು ಕರೆಸಿಕೊಳ್ಳುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಎಷ್ಟೋ ಜನ ಏಪ್ರಿಲ್ ಕೊನೆಗೆ ಬಂದು ಜುಲೈ ಮೊದಲ ವಾರ ಹೊರಟುಬಿಡುತ್ತಾರೆ. ಅವರಿಗೆ ಪ್ಯಾರಡೈಸ್‌ನಲ್ಲಿ ಸಿಗುವುದು ಹಿಮದ ಗೋಡೆ. ಅದೂ ನೋಡಬೇಕಾದ್ದೇ, ಆದರೆ ಹುಲ್ಲುಗಾವಲಲ್ಲ. ಟಿಕೆಟ್ ಮಾಡಿಸುವಾಗಲೇ ಆಗಸ್ಟ್ ಅವರ ಕೈಗೆ ಸಿಗುವಂತೆ ನೋಡಿಕೊಳ್ಳಿ.

ಸ್ಕೈಲೈನ್: ಹುಲ್ಲುಗಾವಲೇ ಗುರಿಯಾದರೆ ಇದೇ

ಉದ್ದ 5.5 ಮೈಲಿ, ಸುಮಾರು 9 ಕಿಲೋಮೀಟರ್. ಏರು 1,700 ಅಡಿ. ಶುರುವಾಗುವ ಪ್ಯಾರಡೈಸ್ 5,400 ಅಡಿ ಎತ್ತರದಲ್ಲಿದೆ, ಮೇಲಿನ ಪನೋರಮಾ ಪಾಯಿಂಟ್ ಸುಮಾರು 6,800 ಅಡಿ. ನಿಂತು ನೋಡುತ್ತಾ ಹೋದರೆ ನಾಲ್ಕೂವರೆ, ಐದು ಗಂಟೆ ಬೇಕು. ಸಿಯಾಟಲ್‌ನಿಂದ ಪ್ಯಾರಡೈಸ್‌ಗೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ.

ಈ ಲೂಪಿನ ದೊಡ್ಡ ಗುಣ ಏನೆಂದರೆ ಹೂವಿಗಾಗಿ ಕಾಯಬೇಕಿಲ್ಲ. ಕಾರಿನಿಂದ ಇಳಿದು ಮೆಟ್ಟಿಲು ಹತ್ತಿದರೆ ಹುಲ್ಲುಗಾವಲಿನ ನಡುವೆಯೇ ಇರುತ್ತೀರಿ. 1888ರಲ್ಲಿ ರೇನಿಯರ್ ಹತ್ತಿದ ನಿಸರ್ಗ ಲೇಖಕ ಜಾನ್ ಮ್ಯೂರ್ ಇಲ್ಲಿನ ಹೂದೋಟಗಳನ್ನು ಹೊಗಳಿ ಬರೆದ ಮಾತನ್ನು ಆ ಮೆಟ್ಟಿಲುಗಳ ಮೇಲೇ ಕೆತ್ತಿದ್ದಾರೆ. ನಿಂತು ಓದಿ ಮುಂದೆ ಹೋಗಿ.

ಪ್ರದಕ್ಷಿಣೆ ದಿಕ್ಕಿನಲ್ಲೇ ನಡೆಯಿರಿ. ಹಾಗೆ ಹೋದರೆ ಏರುವಾಗ ಪರ್ವತ ಎದುರಿಗೇ ಇರುತ್ತದೆ, ಎಡಕ್ಕೆ ನಿಸ್ಕ್ವಾಲಿ ಹಿಮನದಿ. ಗ್ಲೇಸಿಯರ್ ವಿಸ್ಟಾ ಎಂಬಲ್ಲಿ ಐದು ನಿಮಿಷ ಮಾತಿಲ್ಲದೆ ನಿಂತರೆ ಹಿಮನದಿಯ ಕಡೆಯಿಂದ ಬಂಡೆ ಉರುಳುವ ಸದ್ದು ಕೇಳಿಸುವುದುಂಟು. ಪನೋರಮಾ ಪಾಯಿಂಟ್‌ಗೆ ಹೋಗುವ ಕೊನೆಯ ಏರು ಉಸಿರು ಕಟ್ಟಿಸುತ್ತದೆ. ಅಲ್ಲಿ ಕೂತು ದಕ್ಷಿಣಕ್ಕೆ ನೋಡಿದರೆ ಟಟೂಶ್ ಸಾಲು, ಅದರ ಹಿಂದೆ ಆಡಮ್ಸ್ ಮತ್ತು ಸೇಂಟ್ ಹೆಲೆನ್ಸ್. ತುಂಬ ತಿಳಿಯಾದ ದಿನ ಆರೆಗನ್‌ನ ಮೌಂಟ್ ಹುಡ್ ಕೂಡ ಕಾಣುತ್ತದೆ. ಬುತ್ತಿ ಬಿಚ್ಚಲು ಅದೇ ಜಾಗ. ಆದರೆ ದೊಡ್ಡ ಅಳಿಲಿನಂಥ ಮಾರ್ಮಟ್‌ಗಳು ಹತ್ತಿರ ಬಂದು ನೋಡುತ್ತವೆ. ಒಂದು ಅಗುಳನ್ನೂ ಹಾಕಬೇಡಿ. ಮನುಷ್ಯರ ತಿಂಡಿ ರುಚಿ ಹತ್ತಿದ ಪ್ರಾಣಿ ಬಾಳುವುದು ಕಷ್ಟ, ಪಾರ್ಕಿನ ಕಾನೂನಿನ ಪ್ರಕಾರ ಅಪರಾಧ ಕೂಡ.

ಜುಲೈನಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಪನೋರಮಾ ಪಾಯಿಂಟ್ ದಾಟಿದ ಮೇಲೆ ಕೆಳಗಿನ ದಾರಿಯಲ್ಲಿ ಕಡಿದಾದ ಹಿಮದ ಇಳಿಜಾರು ಬಹಳ ದಿನ ಉಳಿದಿರುತ್ತದೆ. ಜಾರಿದರೆ ನಿಲ್ಲುವುದು ಕಷ್ಟ. ಹೈ ಸ್ಕೈಲೈನ್ ಎಂದು ಬೋರ್ಡ್ ಇರುವ ಮೇಲಿನ ದಾರಿ ಹಿಡಿಯಿರಿ, ಸ್ವಲ್ಪ ಹೆಚ್ಚು ಏರಬೇಕಾದರೂ ಪರವಾಗಿಲ್ಲ. ಇದೇ ಭಾಗದಲ್ಲಿ ಪರ್ವತಾರೋಹಿಗಳ ಶಿಬಿರವಾದ ಕ್ಯಾಂಪ್ ಮ್ಯೂರ್ ಕಡೆಗೆ ಹೋಗುವವರು ಭಾರದ ಬ್ಯಾಗ್ ಹೊತ್ತು ಮೇಲಕ್ಕೆ ತಿರುಗುತ್ತಾರೆ. ಅವರ ಹಿಂದೆ ಹೋಗಬೇಡಿ. ಅದು 10,000 ಅಡಿಗಿಂತ ಮೇಲಕ್ಕೆ ಹೋಗುವ ಹಿಮದ ದಾರಿ, ಮಂಜು ಕವಿದರೆ ದಿಕ್ಕೇ ತಿಳಿಯುವುದಿಲ್ಲ.

ಇಳಿಯುವ ದಾರಿಯಲ್ಲಿ ಗೋಲ್ಡನ್ ಗೇಟ್ ಎಂಬ ಕವಲು ಸಿಗುತ್ತದೆ. ಸುಸ್ತಾಗಿದ್ದರೆ ಅಲ್ಲಿಂದಲೇ ಇಳಿದುಬಿಡಬಹುದು, ದೂರ ಕಡಿಮೆಯಾಗುತ್ತದೆ, ಹೂವಿಗೇನೂ ಕೊರತೆಯಿಲ್ಲ. ಶಕ್ತಿ ಇದ್ದರೆ ಪೂರ್ತಿ ಸುತ್ತಿಯೇ ಬನ್ನಿ. ಆ ಕಡೆ ಜನ ಕಡಿಮೆ. ಸ್ಲುಯಿಸ್ಕಿನ್ ಜಲಪಾತದ ಹತ್ತಿರ ಒಂದು ಕಲ್ಲಿನ ಕಟ್ಟೆ ಇದೆ. 1870ರ ಆಗಸ್ಟ್‌ನಲ್ಲಿ ರೇನಿಯರ್ ತುದಿ ಮುಟ್ಟಿದ ಹ್ಯಾಝರ್ಡ್ ಸ್ಟೀವನ್ಸ್ ಮತ್ತು ವ್ಯಾನ್ ಟ್ರಂಪ್ ಅವರ ನೆನಪಿಗೆ ಕಟ್ಟಿದ್ದು. ದಾಖಲೆಯಲ್ಲಿ ಇರುವ ಮೊದಲ ಆರೋಹಣ ಅವರದ್ದು. ಜಲಪಾತಕ್ಕೆ ಹೆಸರಾದ ಸ್ಲುಯಿಸ್ಕಿನ್ ಅವರಿಗೆ ದಾರಿ ತೋರಿಸಿದ ಇಲ್ಲಿನ ಮೂಲನಿವಾಸಿ. ಕೊನೆಗೆ ಮರ್ಟಲ್ ಜಲಪಾತ, ಅದರ ಹಿಂದೆ ಪೂರ್ತಿ ಪರ್ವತ. ಅಲ್ಲಿಂದ ಪಾರ್ಕಿಂಗ್ ತನಕ ದಾರಿಗೆ ಟಾರು ಹಾಕಿದ್ದಾರೆ.

ಆ ಟಾರು ದಾರಿ ಹಿರಿಯರಿಗೆ ವರ. ಪೂರ್ತಿ ಲೂಪ್ ಆಗದವರು ಪಾರ್ಕಿಂಗ್‌ನಿಂದ ಮರ್ಟಲ್ ಜಲಪಾತಕ್ಕೆ ಹೋಗಿ ಬರಬಹುದು, ಹೋಗಿ ಬರಲು ಒಂದು ಮೈಲಿಯೂ ಇಲ್ಲ. ನೀವು ಸ್ಕೈಲೈನ್ ಸುತ್ತುವಷ್ಟರಲ್ಲಿ ಅಮ್ಮ ಅಲ್ಲಿ ಹೂ ನೋಡಿ, ಜಾಕ್ಸನ್ ವಿಸಿಟರ್ ಸೆಂಟರ್‌ನಲ್ಲಿ ಕಾಫಿ ಕುಡಿದು ಕೂತಿರಬಹುದು.

ನ್ಯಾಚೀಸ್ ಪೀಕ್: ಕಡಿಮೆ ಕಷ್ಟಕ್ಕೆ ಅತಿ ಹೆಚ್ಚು ನೋಟ

3.2 ಮೈಲಿ, ಅಂದರೆ ಸುಮಾರು 5 ಕಿಲೋಮೀಟರ್. ಏರು ಬರೀ 600 ಅಡಿ. ಎರಡು ಎರಡೂವರೆ ಗಂಟೆಯ ನಡಿಗೆ. ಶುರುವಾಗುವುದು ಚಿನೂಕ್ ಪಾಸ್‌ನಲ್ಲಿ, ಟಿಪ್ಸೂ ಕೆರೆಯ ಪಕ್ಕ. ಎನಮ್‌ಕ್ಲಾ ಮೇಲೆ 410 ಹೆದ್ದಾರಿ ಹಿಡಿದರೆ ಸಿಯಾಟಲ್‌ನಿಂದ ಎರಡು ಗಂಟೆಯ ಆಸುಪಾಸು.

ಇಲ್ಲೂ ಪ್ರದಕ್ಷಿಣೆಯೇ. ಇಲ್ಲಿ ಅದು ಇನ್ನೂ ಮುಖ್ಯ. ಮೊದಲು ಹೆದ್ದಾರಿಯ ಮೇಲಿನ ಮರದ ಕಾಲುಸೇತುವೆ ದಾಟಿ ಪೂರ್ವದ ಬದಿಗೆ ಹೋಗಿ. ಈ ಅರ್ಧ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ ಭಾಗ, ಮೆಕ್ಸಿಕೋ ಗಡಿಯಿಂದ ಕೆನಡಾ ತನಕ ನಡೆಯುವವರು ಇದೇ ದಾರಿಯಲ್ಲಿ ಹೋಗುತ್ತಾರೆ. ಬೆಟ್ಟ ಸುತ್ತಿ ಪಶ್ಚಿಮಕ್ಕೆ ಬಂದ ಮೇಲೆ ರೇನಿಯರ್ ಎದುರಿಗೆ ನಿಲ್ಲುತ್ತದೆ, ಕೆರೆ ತನಕ ನಿಮ್ಮ ಮುಂದೆಯೇ ಇರುತ್ತದೆ. ಉಲ್ಟಾ ಹೋದರೆ ಆ ನೋಟಕ್ಕೆಲ್ಲ ಬೆನ್ನು ಹಾಕಿ ನಡೆದಂತಾಗುತ್ತದೆ.

ಹೂವಿನ ಸಾಂದ್ರತೆ ಸ್ಕೈಲೈನ್‌ನಷ್ಟಿಲ್ಲ, ಆದರೆ ಏನೂ ಕಡಿಮೆಯಲ್ಲ. ಸಣ್ಣ ಕೊಳ, ದಾರಿಯ ಎರಡೂ ಕಡೆ ಲೂಪಿನ್, ಆಗಸ್ಟ್ ಕೊನೆಗೆ ಹಕಲ್‌ಬೆರಿ ಹಣ್ಣು. ಏಳೆಂಟು ವರ್ಷದ ಮಕ್ಕಳು ಆರಾಮಾಗಿ ಮುಗಿಸುತ್ತಾರೆ. ಅರವತ್ತೈದರ ಅಪ್ಪನೂ ಅಷ್ಟೇ, ದಿನಾ ಬೆಳಿಗ್ಗೆ ವಾಕಿಂಗ್ ಅಭ್ಯಾಸ ಇದ್ದರೆ. ಅಮ್ಮ ಸೀರೆಯಲ್ಲಿ ಬಂದರೂ ಸರಿ, ಚಪ್ಪಲಿಯಲ್ಲಿ ಮಾತ್ರ ಬೇಡ. ದಾರಿ ಮಣ್ಣಿನದು, ಒಣ ದಿನ ಸಣ್ಣ ಕಲ್ಲು ಜಾರುತ್ತವೆ. ಜಾರದಂತೆ ಹಿಡಿತ ಇರುವ ರಬ್ಬರ್ ಅಡಿಯ ಸ್ಪೋರ್ಟ್ಸ್ ಶೂ ಒಂದು ಕೊಡಿಸಿ.

ನಾಯಿ ಸಾಕಿದವರು ಗಮನಿಸಿ. ಪೆಸಿಫಿಕ್ ಕ್ರೆಸ್ಟ್ ಭಾಗದಲ್ಲಿ ನಾಯಿಗೆ ಅವಕಾಶ ಇದೆ, ಪಾರ್ಕಿನೊಳಗಿನ ಅರ್ಧಕ್ಕೆ ಇಲ್ಲ. ಹಾಗಾಗಿ ನಾಯಿ ಜೊತೆ ಪೂರ್ತಿ ಸುತ್ತು ಆಗುವುದಿಲ್ಲ.

ಬರೋಸ್ ಮೌಂಟನ್: ಹುಲ್ಲುಗಾವಲು ಅರ್ಧ, ಕಲ್ಲು ಅರ್ಧ

ಇದನ್ನು ಹೂವಿನ ಚಾರಣ ಎಂದು ಸೂಚಿಸುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಶುರುವಾಗುವ ಸನ್‌ರೈಸ್ ಸುತ್ತಮುತ್ತ ಒಳ್ಳೆಯ ಹುಲ್ಲುಗಾವಲಿದೆ, ನಿಜ. ಮೇಲೆ ಹೋದಂತೆ ಮರ ಮುಗಿಯುತ್ತದೆ, ಹುಲ್ಲೂ ಮುಗಿಯುತ್ತದೆ. ಕಲ್ಲಿನ ಬಯಲು, ಅದರ ಸಂದಿಯಲ್ಲಿ ನೆಲಕ್ಕೆ ಅಂಟಿಕೊಂಡ ಪುಟ್ಟ ಪುಟ್ಟ ಗಿಡ. ಇದು ಟಂಡ್ರಾ. ಇಲ್ಲಿ ದಾರಿ ಬಿಟ್ಟು ಇಟ್ಟ ಒಂದು ಹೆಜ್ಜೆಯ ಗಾಯ ಮಾಯಲು ವರ್ಷಗಟ್ಟಲೆ ಬೇಕು.

ಆದರೆ ಹಿಮನದಿ ನೋಡಲು ಇದಕ್ಕೆ ಸಮ ಇಲ್ಲ. ಎದುರಿಗಿರುವ ಎಮ್ಮನ್ಸ್ ಹಿಮನದಿ, ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲೇ ಅತಿ ವಿಸ್ತಾರವಾದದ್ದು. ಸನ್‌ರೈಸ್‌ನ ಪಾರ್ಕಿಂಗ್ ಜಾಗವೇ 6,400 ಅಡಿ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ತುಸು ಮೇಲೆ. ಬೆಟ್ಟದ ಮೊದಲ ತುದಿ ಫಸ್ಟ್ ಬರೋಸ್ ತನಕದ ಲೂಪ್ 4.7 ಮೈಲಿ, ಏರು 900 ಅಡಿ. ಮುಂದಿನ ತುದಿ ಸೆಕೆಂಡ್ ಬರೋಸ್‌ಗೂ ಹೋಗಿ ಬಂದರೆ 6 ಮೈಲಿ, ಏರು 1,200 ಅಡಿ, ಎತ್ತರ 7,400 ಅಡಿ. ಅಲ್ಲಿ ತನಕ ಹೋದವರು ಸೆಕೆಂಡ್ ಬರೋಸ್ ಬಿಡಬೇಡಿ ಎಂದೇ ಹೇಳುತ್ತೇನೆ.

ಹೋಗುವಾಗ ಸನ್‌ರೈಸ್ ರಿಮ್ ದಾರಿ ಹಿಡಿದು ಶ್ಯಾಡೋ ಕೆರೆ ಮೇಲೆ ಹತ್ತಿ, ಬರುವಾಗ ಫ್ರೋಝನ್ ಕೆರೆಯ ಕಡೆಯಿಂದ ಇಳಿಯಿರಿ. ಫಸ್ಟ್ ಬರೋಸ್ ಮತ್ತು ಫ್ರೋಝನ್ ಕೆರೆಯ ನಡುವೆ ಒಂದು ಕಡಿದಾದ ಹಿಮದ ಪಟ್ಟಿ ಜುಲೈ ತನಕ, ಕೆಲವು ವರ್ಷ ಇನ್ನೂ ಮುಂದಕ್ಕೂ ಉಳಿಯುತ್ತದೆ. ಹೊರಡುವ ಮುಂಚೆ ರೇಂಜರ್ ಹತ್ತಿರ ಅದು ಹೇಗಿದೆ ಅಂತ ಕೇಳಿ. ಇನ್ನೂ ಇದೆ ಎಂದರೆ ಬಂದ ದಾರಿಯಲ್ಲೇ ವಾಪಸ್ ಬನ್ನಿ, ಲೂಪ್ ಆಗದಿದ್ದರೂ ಚಿಂತೆಯಿಲ್ಲ. ಮೇಲೆ ನೆರಳಿಲ್ಲ, ನೀರಿಲ್ಲ, ಗಾಳಿ ಜೋರು. ಆಗಸ್ಟ್‌ನಲ್ಲೂ ಒಂದು ಜಾಕೆಟ್ ಬೇಕೇ ಬೇಕು. ಸನ್‌ರೈಸ್ ರಸ್ತೆ ತೆರೆಯುವುದೇ ಜೂನ್ ಕೊನೆ ಅಥವಾ ಜುಲೈ ಮೊದಲಿಗೆ.

ಮೇಪಲ್ ಪಾಸ್: ದೂರ ಜಾಸ್ತಿ, ಕಾಲ ಬೇರೆ

ನಾಲ್ಕರಲ್ಲಿ ಇದೇ ದೊಡ್ಡದು. 7.2 ಮೈಲಿ, ಏರು 2,000 ಅಡಿ. ಸಿಯಾಟಲ್‌ನಿಂದ 20ನೇ ಹೆದ್ದಾರಿಯಲ್ಲಿ ರೇನಿ ಪಾಸ್‌ಗೆ ಹತ್ತಿರ ಹತ್ತಿರ ಮೂರು ಗಂಟೆ. ಕುದುರೆಮುಖ ಹತ್ತಿ ಇಳಿದು ಅಭ್ಯಾಸ ಇರುವವರಿಗೆ ಇದೂ ಭಾರವಲ್ಲ, ಆದರೆ ಇಡೀ ದಿನ ಇದಕ್ಕೇ ಇಡಬೇಕು.

ದಿಕ್ಕು ಇಲ್ಲಿ ತಿರುಗಾಮುರುಗಾ. ಅಪ್ರದಕ್ಷಿಣೆಯಾಗಿ, ಮೊದಲು ಆ್ಯನ್ ಕೆರೆಯ ಕಡೆಗೆ ಹೋಗಿ. ಏರು ನಿಧಾನವಾಗಿ ಬರುತ್ತದೆ. ಇನ್ನೊಂದು ಬದಿ ಕಡಿದಾಗಿದೆ, ಅದನ್ನು ಹತ್ತುವುದಕ್ಕಿಂತ ಇಳಿಯುವುದು ವಾಸಿ. ಮಂಡಿ ನೋವಿನವರಿಗೆ ಮಾತ್ರ ಇಳಿಯುವುದೇ ಕಷ್ಟ. ಅವರು ಕೋಲು ತರಲಿ, ಅಥವಾ ಮೇಲಿನ ಕಣಿವೆ ನೋಡಿ ಬಂದ ದಾರಿಯಲ್ಲೇ ಇಳಿಯಲಿ.

ಆಗಸ್ಟ್‌ನಲ್ಲಿ ಇಲ್ಲೂ ಲೂಪಿನ್, ಹೆದರ್ ಹೂಗಳಿವೆ. ಆದರೂ ಬರೀ ಹೂವಿಗಾಗಿ ಮೂರು ಗಂಟೆ ಕಾರು ಓಡಿಸಿ ಎಂದು ನಾನು ಹೇಳುವುದಿಲ್ಲ, ಅದಕ್ಕೆ ಪ್ಯಾರಡೈಸ್ ಇದೆ. ಮೇಪಲ್ ಪಾಸ್‌ನ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯ. ಆಗ ಲಾರ್ಚ್ ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಸೂಜಿ ಎಲೆಯ ಮರವಾದರೂ ಲಾರ್ಚ್ ಪ್ರತಿ ವರ್ಷ ಎಲೆ ಉದುರಿಸುತ್ತದೆ. ಕೆಳಗೆ ಕೆಂಪು ಹಕಲ್‌ಬೆರಿ, ಮೇಲೆ ಹಳದಿ ಲಾರ್ಚ್, ನಡುವೆ ನೀಲಿ ಕೆರೆ. ಈ ನೋಟ ರೇನಿಯರ್‌ನಲ್ಲಿ ಸಿಗುವುದಿಲ್ಲ. ಆ ವಾರಾಂತ್ಯಗಳಲ್ಲಿ ಹೆದ್ದಾರಿಯ ಬದಿಯಲ್ಲಿ ಕಾರುಗಳ ಸಾಲು ತುಂಬ ಉದ್ದ ಇರುತ್ತದೆ, ವಾರದ ನಡುವೆ ಒಂದು ದಿನ ರಜೆ ಹಾಕಿ. ಜೊತೆಗೆ ಬಂದ ಹಿರಿಯರಿಗೆ ಅಲ್ಲಿಂದಲೇ ರೇನಿ ಕೆರೆಗೆ ಒಂದು ಮೈಲಿಯ ಟಾರು ದಾರಿ ಇದೆ, ಬಹುಮಟ್ಟಿಗೆ ಸಮತಟ್ಟು.

ಪಾಸು, ಪಾರ್ಕಿಂಗ್, ಬುತ್ತಿ

ಪ್ಯಾರಡೈಸ್ ಮತ್ತು ಸನ್‌ರೈಸ್‌ಗೆ ಪಾರ್ಕಿನ ಶುಲ್ಕ ಇದೆ, ಕಾರಿಗೆ 30 ಡಾಲರ್, 7 ದಿನ ನಡೆಯುತ್ತದೆ. ಮೇಪಲ್ ಪಾಸ್ ಚಾರಣಕ್ಕೆ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಎಂಬ ಪರವಾನಗಿ ಚೀಟಿ ಬೇಕು. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಎರಡೂ ಕಡೆ ಅದೇ ಸಾಕು. 2024ರಲ್ಲಿ ಪ್ಯಾರಡೈಸ್, ಸನ್‌ರೈಸ್ ಎರಡಕ್ಕೂ ಹಗಲು ಹೊತ್ತಿನ ಪ್ರವೇಶವನ್ನು ಮೊದಲೇ ಕಾದಿರಿಸಬೇಕಿತ್ತು. 2025ರಲ್ಲಿ ಅದು ಸನ್‌ರೈಸ್‌ಗೆ ಮಾತ್ರ ಇತ್ತು. ನಿಯಮ ವರ್ಷ ವರ್ಷವೂ ಬದಲಾಗುತ್ತಿರುವುದರಿಂದ ಹೊರಡುವ ವಾರ ಪಾರ್ಕಿನ ವೆಬ್‌ಸೈಟ್ ನೋಡಲೇಬೇಕು. ಅಲ್ಲೇ ಪ್ಯಾರಡೈಸ್‌ನ ವೆಬ್‌ಕ್ಯಾಮ್ ಕೂಡ ಇದೆ. ಸಿಯಾಟಲ್‌ನಲ್ಲಿ ಮೋಡ ಇದ್ದರೂ ಅಲ್ಲಿ ಮೇಲೆ ಬಿಸಿಲಿರಬಹುದು, ಇಲ್ಲಿ ಬಿಸಿಲಿದ್ದಾಗ ಅಲ್ಲಿ ಮಂಜು ಕವಿದಿರಬಹುದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆ ಇದೆಯಾ ಅಂತಲೂ ನೋಡಿಕೊಳ್ಳಿ.

ಬಿಸಿಲಿನ ಶನಿವಾರ ಭಾನುವಾರ ಪ್ಯಾರಡೈಸ್ ಪಾರ್ಕಿಂಗ್ ಬೆಳಿಗ್ಗೆಯೇ ತುಂಬಿಬಿಡುತ್ತದೆ. ಮನೆಯಿಂದ ಐದಕ್ಕೇ ಹೊರಡಿ. ಪಾರ್ಕಿನೊಳಗೆ ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ ಹೆಚ್ಚು ಕಡೆ ಸಿಗುವುದಿಲ್ಲ. ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಪುಳಿಯೋಗರೆ, ಚಪಾತಿ ಚಟ್ನಿಪುಡಿ ಕಟ್ಟಿಕೊಂಡರೆ ದಿನ ಸಾಗುತ್ತದೆ. ತಲೆಗೆ ಎರಡು ಲೀಟರ್ ನೀರು ಬೇಕು. ಹಿಮ ಕರಗಿದ ಹೊಸದರಲ್ಲಿ ಸೊಳ್ಳೆ ಕಾಟ ಇರುತ್ತದೆ, ಮೈಗೆ ಹಚ್ಚುವ ಮುಲಾಮು ಮರೆಯಬೇಡಿ. ಹೃದಯದ ಅಥವಾ ಉಸಿರಿನ ತೊಂದರೆ ಇರುವ ಹಿರಿಯರು ಈ ಎತ್ತರಕ್ಕೆ ಹೋಗುವ ಮುಂಚೆ ಡಾಕ್ಟರನ್ನು ಕೇಳಲಿ.

ಒಂದು ವಿಷಯ ಮಾತ್ರ ಕೈ ಮುಗಿದು ಕೇಳುತ್ತೇನೆ. ಫೋಟೋಗೆ ಅಂತ ಹೂವಿನ ನಡುವೆ ಇಳಿಯಬೇಡಿ, ಮಕ್ಕಳನ್ನೂ ಕೂರಿಸಬೇಡಿ. ವರ್ಷಕ್ಕೆ ಎರಡು ಮೂರು ತಿಂಗಳು ಬೆಳೆಯುವ ಗಿಡ ತುಳಿತಕ್ಕೆ ಸಿಕ್ಕರೆ ಏಳಲು ಹಲವು ವರ್ಷ ಬೇಕು. ಪ್ಯಾರಡೈಸ್‌ನಲ್ಲಿ ಹಗ್ಗ ಕಟ್ಟಿದ ಜಾಗಗಳು ಕಾಣುತ್ತವಲ್ವಾ, ಅವು ಹಾಗೆ ತುಳಿದು ಹಾಳಾಗಿ ಈಗ ಮತ್ತೆ ನೆಟ್ಟು ಬೆಳೆಸುತ್ತಿರುವ ನೆಲ. ದಾರಿಯ ಮೇಲೆ ನಿಂತು, ಸ್ವಲ್ಪ ಬಗ್ಗಿ ಕ್ಯಾಮೆರಾ ಹಿಡಿದರೆ ಹೂವಿನ ನಡುವೆ ಇದ್ದ ಹಾಗೇ ಫೋಟೋ ಬರುತ್ತದೆ.

ಸ್ಪ್ರೇ ಪಾರ್ಕ್ ಬಗ್ಗೆ ಯಾಕೆ ಬರೆದಿಲ್ಲ ಎಂದು ಹಳಬರು ಕೇಳಬಹುದು. ರೇನಿಯರ್‌ನ ವಾಯುವ್ಯ ಮೂಲೆಯ ಆ ಹುಲ್ಲುಗಾವಲು ನನಗೆ ಎಲ್ಲಕ್ಕಿಂತ ಇಷ್ಟ. ಆದರೆ ಅದು ಲೂಪ್ ಅಲ್ಲ, ಹೋಗಿ ಬರುವ ದಾರಿ. ಅದಕ್ಕಿಂತ ಮುಖ್ಯವಾಗಿ, ಅಲ್ಲಿಗೆ ಹೋಗುವ 165ನೇ ಹೆದ್ದಾರಿಯ ಫೇರ್‌ಫ್ಯಾಕ್ಸ್ ಸೇತುವೆಯನ್ನು ಹಳತಾಗಿ ಶಿಥಿಲವಾಯಿತೆಂದು 2025ರ ಏಪ್ರಿಲ್‌ನಲ್ಲಿ ಕಾಯಂ ಆಗಿ ಮುಚ್ಚಿದರು. ಚಾರಣ ಶುರುವಾಗುವ ಮೋವಿಚ್ ಕೆರೆ ತನಕ ಕಾರು ಹೋಗುತ್ತಿದ್ದುದು ಆ ಸೇತುವೆಯ ಮೇಲೆಯೇ. ಹಳೆಯ ಬರಹಗಳಲ್ಲಿ ಸ್ಪ್ರೇ ಪಾರ್ಕ್, ಟಾಲ್ಮಿ ಪೀಕ್ ಹೆಸರು ನೋಡಿ ಮಕ್ಕಳನ್ನು ಕರೆದುಕೊಂಡು ಹೊರಟುಬಿಡಬೇಡಿ. ಆ ದಿನವನ್ನು ನ್ಯಾಚೀಸ್‌ಗೆ ಕೊಡಿ.